ಮಾರಾಯ್ತಿ, ನಿನ್ನ ಮಗಳು ಎಲ್ಲ ಹೇಳಿದಳು

ಮಾರಾಯ್ತಿ,

ಡಲ್ಲಾಸ್ ತಲುಪಿ, ನಿದ್ದೆ ಸರಿಹೋಗಿ, ಮಗಳ ಜೊತೆ ಜಗಳ ಪುನಃ ಶುರುವಾಗಿರಬಹುದು ಅಂತ ಲೆಕ್ಕ ಹಾಕಿಯೇ ಬರೆಯುತ್ತಿದ್ದೇನೆ. ಎಲ್ಲರ ಎದುರು ಬರೆದರೆ ನೀನು ಬಯ್ಯುವುದು ಸ್ವಲ್ಪ ಕಡಿಮೆ.

ನೀನು ಕಟಪಾಡಿಗೆ ಹೋದಾಗ ಅವಳು ನಮ್ಮಲ್ಲಿ ಇದ್ದಳಲ್ಲ. ಹೊರಗೆ ಆಟಿಯ ಮಳೆ. ಸಿಟೌಟಿನಲ್ಲಿ ಗೋಳಿಬಜೆ ತಿನ್ನುತ್ತಾ ಅವಳೂ ನನ್ನ ಮಗಳೂ ಸೇರಿ ನಮ್ಮ ಬಂಡವಾಳ ಬಯಲು ಮಾಡಿದರು. ನೀನು ಅಲ್ಲಿ ಹೇಳುವುದು: "ಉಡುಪಿಯವಳನ್ನು ನೋಡು, ಐದು ಗಂಟೆಗೆ ಎದ್ದು ನೀಟ್‌ಗೆ ಓದುತ್ತಾಳೆ." ನಾನು ಇಲ್ಲಿ ಹೇಳುವುದು: "ಡಲ್ಲಾಸಿನವಳನ್ನು ನೋಡು, ಓದು, ರೊಬೊಟಿಕ್ಸ್, ಭರತನಾಟ್ಯ ಎಲ್ಲ ಒಟ್ಟಿಗೆ." ನನ್ನವಳು ಐದಕ್ಕೆ ಎದ್ದು ಪುಸ್ತಕದ ಮೇಲೆ ಮಲಗುತ್ತಾಳಂತೆ. ನಿನ್ನವಳು ರೊಬೊಟಿಕ್ಸ್ ಬಿಟ್ಟು ವರ್ಷ ಆಯಿತಂತೆ. ನನಗೆ ಹೇಳಲೇ ಇಲ್ಲ ನೀನು! ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಬಾಣಲೆ ಎದುರು ಕಿವುಡಿಯಾಗಿದ್ದೆ.

ಇಲ್ಲಿನ ಹುಚ್ಚು ನಿನಗೆ ಗೊತ್ತೇ ಇದೆ. ಪಿಯುಸಿ ರಿಸಲ್ಟಿನಲ್ಲಿ 2024ಕ್ಕೆ ದಕ್ಷಿಣ ಕನ್ನಡ ಮೊದಲು, 2025ಕ್ಕೆ ಉಡುಪಿ. ಎರಡು ಜಿಲ್ಲೆಗೂ ಕಂಬಳದ ಹುರುಪು. ನೀನು ಆ ಹುಚ್ಚನ್ನೇ ಅಲ್ಲಿಗೂ ಹೊತ್ತುಕೊಂಡು ಹೋದದ್ದು ಅಂದುಕೊಂಡಿದ್ದೆ. ರಾತ್ರಿ ಅವಳು ಕೇಳಿದಳು: "ಆಂಟಿ, ಅಮ್ಮ ಇಲ್ಲಿದ್ದಾಗಲೂ ಹೀಗೇನಾ?"

ಬೆಂಗಳೂರಿನಲ್ಲಿ ನಿನ್ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿದ್ದಳು ಅಂದೆ. 2010ರಲ್ಲಿ ಎರಡು ವರ್ಷದ ನಿನ್ನನ್ನು ಎತ್ತಿಕೊಂಡು ಅಪ್ಪನ ಕೆಲಸದ ವೀಸಾಕ್ಕೆ ಅಂಟಿಕೊಂಡ ಎಚ್-4 ವೀಸಾದಲ್ಲಿ ಹೋದಳು, ಅದರಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ ಅಂದೆ. ಗ್ರೀನ್ ಕಾರ್ಡಿಗೆ ಕಾಯುವವರ ಹೆಂಡತಿಯರಿಗೆ 2015ರಲ್ಲಿ ಪರ್ಮಿಟ್ ಕೊಡಲಿಕ್ಕೆ ಶುರು ಮಾಡುವಾಗ ನೀನು ಕಲಿತದ್ದೆಲ್ಲ ಹಳತಾಗಿತ್ತು. ಅವಳಿಗೆ ಇದೇನೂ ಗೊತ್ತಿರಲಿಲ್ಲ! ಅಮ್ಮ ಮೊದಲಿನಿಂದಲೂ ಮನೆಯಲ್ಲೇ ಇದ್ದವಳು ಅಂದುಕೊಂಡಿದ್ದಾಳೆ.

ಆ 21 ವರ್ಷ ತುಂಬುವ ವಿಷಯ ಮಾತ್ರ ಅವಳಿಗೆ ಗೊತ್ತಿದೆ, ನೀನು ಎಷ್ಟು ಮುಚ್ಚಿಟ್ಟರೂ. 2029ರಲ್ಲಿ 21 ತುಂಬುವುದರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ನಿಮ್ಮ ವೀಸಾದಲ್ಲಿ ಅವಳು ಇರುವಂತಿಲ್ಲ, ಬೇರೆ ವೀಸಾ ಮಾಡಿಸಬೇಕು, ಇಲ್ಲ ಹೊರಡಬೇಕು. ವರ್ಷದ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಶೇ. 7ರ ಮಿತಿ, ನಮ್ಮವರ ಸಾಲು ಕೇಳುವುದೇ ಬೇಡ. "ಹೆದರಿಕೆ ಆದಾಗೆಲ್ಲ ಅಮ್ಮ ಮ್ಯಾಥ್ಸ್ ಮಾರ್ಕ್ಸ್ ಕೇಳ್ತಾರೆ" ಅಂದಳು. ಹೆದರಿಕೆ ಅಂತಲೇ ಹೇಳಬಹುದಲ್ವಾ ಮಾರಾಯ್ತಿ?

ಮತ್ತೆ, ಅವಳು ನಿನ್ನ ಮೇಲೆ ದೂರು ಹೇಳುವಾಗ ನನಗೆ ಖುಷಿಯಾಯಿತು. ಸ್ವಲ್ಪ ಅಲ್ಲ, ಜಾಸ್ತಿಯೇ. ನಮ್ಮಮ್ಮ ಹೈಸ್ಕೂಲಿನಿಂದ ನಿನ್ನನ್ನೇ ಇಟ್ಟುಕೊಂಡು ನನ್ನನ್ನು ಅಳೆದದ್ದು. ನೀನು ವಿಮಾನ ಹತ್ತಿದ ದಿನ ಅವರು ಏನೂ ಹೇಳಲಿಲ್ಲ, ಸೌಟು ಮಾತ್ರ ಜೋರಾಗಿ ಇಟ್ಟರು. ಅಲ್ಲಿ ನೀನು ಸುಮ್ನೆ ಮನೆಯಲ್ಲಿ ಕೂತಿದ್ದೀ ಅಂತ ಅವರಿಗೆ ನಾನು ಕೊನೆಯವರೆಗೂ ಹೇಳಲಿಲ್ಲ. ಒಳ್ಳೆಯತನ ಅಂತ ತಿಳಿಯಬೇಡ. ಹೇಳಿದ್ದರೆ ಅಮ್ಮ ನಿನಗಾಗಿ ಅಳುತ್ತಿದ್ದರು. ನನಗಾಗಿ ಅತ್ತದ್ದನ್ನು ನಾನು ನೋಡಿಲ್ಲ.

ಸಾಕು. ಓದುತ್ತಿರುವ ನಮ್ಮ ಬ್ಯಾಚಿನವರೇ, ಮುಂದೆ ಹೋಗಿ, ಇಲ್ಲೇನೂ ಆಗಿಲ್ಲ.

ನಿನ್ನ ಮಗಳು ಒಂದೇ ಕೂತಿಗೆ ಎರಡು ಗಡ್‌ಬಡ್ ಐಸ್‌ಕ್ರೀಮ್ ತಿಂದಳು, ಬಿಲ್ಲು ನಿನ್ನ ಲೆಕ್ಕಕ್ಕೆ. ಲಾಗರಿದಮ್ ಮೇಷ್ಟ್ರು ಸಂತೆಕಟ್ಟೆಯಲ್ಲಿ ಸಿಕ್ಕಿದ್ದರು. ಇನ್ನೂ ಅದೇ ಕೊಡೆ! ನಿನ್ನ ಗಣಿತದ ಮಾರ್ಕ್ಸ್ ಅವರಿಗೆ ಈಗಲೂ ಬಾಯಿಪಾಠ. ನನ್ನ ಹೆಸರು ಮಾತ್ರ ನಾನೇ ಹೇಳಬೇಕಾಯಿತು.