ತಮ್ಮನ ಔಷಧ ನಿಂತಿತು, ಈಗ ಬರೆಯುತ್ತಿದ್ದೇನೆ

ಮೊನ್ನೆ ಸೋಮವಾರ ಡಾಕ್ಟರು ತಮ್ಮನ ಶ್ವಾಸಕೋಶದ ಶಿಲೀಂಧ್ರ ಸೋಂಕಿಗೆ ಕೊಡುತ್ತಿದ್ದ ವೊರಿಕೊನಜೋಲ್ ಗುಳಿಗೆ ನಿಲ್ಲಿಸಿದರು. ಬಲ ಶ್ವಾಸಕೋಶದಲ್ಲಿ ಗಂಟುಗಳಿದ್ದ ಜಾಗದಲ್ಲಿ ಈಗ ತೆಳ್ಳಗಿನ ಕಲೆ ಮಾತ್ರ ಉಳಿದಿದೆ. ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತದ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಇಳಿದಿದೆ. ಜನವರಿಯಿಂದ ಫೋನ್ ಮಾಡಿದವರಿಗೆಲ್ಲ "ಆಮೇಲೆ ಹೇಳ್ತೀನಿ" ಅನ್ನುತ್ತಲೇ ಬಂದಿದ್ದೆ. ಈಗ ಹೇಳುತ್ತೇನೆ.

ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿದೆ. 2019ರಲ್ಲಿ ಅಮ್ಮ ಅವನಿಗೆ ಕಿಡ್ನಿ ಕೊಟ್ಟದ್ದು, ಈ ಸಲ ಅಡಿಕೆ ಸುಲಿಯುವ ಕಾಲದಲ್ಲಿ ಮನೆಮಂದಿಗೆಲ್ಲ ನೆಗಡಿ ಜ್ವರ ಬಂದದ್ದು, ಅವನಿಗೆ ಮಾತ್ರ ಅದು ಎಚ್‌1ಎನ್‌1 ನ್ಯುಮೋನಿಯಾ ಆದದ್ದು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಎಲ್ಲರಿಗೂ ಸಮನಾಗಿ ಧನ್ಯವಾದ ಹೇಳಲು ನನ್ನಿಂದ ಆಗುವುದೂ ಇಲ್ಲ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಒಬ್ಬರ ಬಗ್ಗೆ ಹೆಚ್ಚು ಬರೆಯಲೇಬೇಕು.

ಅವರು ಐಸಿಯುನ ರಾತ್ರಿ ಪಾಳಿಯ ಸಿಸ್ಟರ್. ಬಾಗಲಕೋಟೆ ಕಡೆಯವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. 2021ರ ಮೇ ತಿಂಗಳಲ್ಲಿ ನಮ್ಮ ಸರ್ಕಾರ ಕಪ್ಪು ಶಿಲೀಂಧ್ರವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತಲ್ಲ, ಅದರ ಔಷಧ ಆಂಫೊಟೆರಿಸಿನ್ ಸಿಗದೆ ಜನ ಊರೂರು ಅಲೆದರಲ್ಲ, ಆಗ ಅವರು ಆ ರೋಗಿಗಳ ವಾರ್ಡಿನಲ್ಲೇ ಗುತ್ತಿಗೆ ಮೇಲೆ ಕೆಲಸ ಮಾಡಿದವರು. ಒಂದು ಕಣ್ಣು ಕಳೆದುಕೊಂಡವರ, ಮೇಲ್ದವಡೆ ತೆಗೆಸಿಕೊಂಡವರ ಆರೈಕೆ ಮಾಡಿದ್ದಾರೆ. ಶಿಲೀಂಧ್ರ ಎಂದರೆ ಏನೆಂದು ಅವರಿಗೆ ಪುಸ್ತಕ ಓದಿ ತಿಳಿದದ್ದಲ್ಲ.

ತಮ್ಮನಿಗೆ ಫ್ಲೂ ಔಷಧ ಒಸೆಲ್ಟಾಮಿವಿರ್ ನಡೆಯುತ್ತಿತ್ತು. ಜ್ವರ ಇಳಿದು, ಆಮ್ಲಜನಕ ಕಡಿಮೆ ಮಾಡಿ, ಇನ್ನೇನು ವಾರ್ಡಿಗೆ ಕಳಿಸುತ್ತಾರೆ ಎಂದು ನಾವೆಲ್ಲ ಹಗುರಾಗಿದ್ದೆವು. ಆ ರಾತ್ರಿ ಮತ್ತೆ ಸಣ್ಣಗೆ ಜ್ವರ, ಕೆಮ್ಮು. ಬಾಯಿ ಒರೆಸಿದ ಟಿಶ್ಯೂವಿನಲ್ಲಿ ಒಂದು ಗೆರೆಯಷ್ಟು ರಕ್ತ. ಆಮ್ಲಜನಕದ ಕೊಳವೆ ಹಾಕಿದವರ ಮೂಗು ಒಣಗಿ ರಕ್ತ ಬರುವುದು ಮಾಮೂಲು, ಯಾರಾದರೂ ಅದನ್ನು ಎಸೆದು ಸುಮ್ಮನಾಗಬಹುದಿತ್ತು. ಸಿಸ್ಟರ್ ಅದನ್ನು ಕವರಿನಲ್ಲಿಟ್ಟುಕೊಂಡು, ಪಾಳಿ ಮುಗಿದರೂ ಹೋಗದೆ, ಬೆಳಗಿನ ರೌಂಡ್ಸಿಗೆ ಕಾದು ನಿಂತರು. "ಸರ್, ಕೆಮ್ಮಿನ ದನಿ ಬದಲಾಗೈತ್ರಿ. ಈ ರಕ್ತ ಮೂಗಿಂದಲ್ಲ. ಒಮ್ಮೆ ನೋಡ್ರಿ" ಎಂದರಂತೆ. ಡಾಕ್ಟರು ನೋಡಿದರು. ಮಧ್ಯಾಹ್ನ ಸಿಟಿ ಸ್ಕ್ಯಾನ್, ಸಂಜೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ.

ಆಮೇಲೆ ಚೆಸ್ಟ್ ಡಾಕ್ಟರು ನನ್ನನ್ನು ಕೂರಿಸಿ ವಿವರಿಸಿದರು. ಇನ್‌ಫ್ಲುಯೆಂಜಾ ಶ್ವಾಸನಾಳದ ಒಳಪದರವನ್ನು ಕಿತ್ತುಹಾಕುತ್ತದೆ. ಗಾಳಿಯಲ್ಲಿ ಸದಾ ಇರುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಗಳನ್ನು ನಾವೆಲ್ಲ ದಿನವೂ ಉಸಿರಾಡುತ್ತೇವೆ, ನಮಗೇನೂ ಆಗುವುದಿಲ್ಲ. ಕಸಿ ಉಳಿಯಲೆಂದು ರೋಗನಿರೋಧಕ ಶಕ್ತಿಯನ್ನು ಔಷಧದಿಂದಲೇ ತಗ್ಗಿಸಿಕೊಂಡವರಲ್ಲಿ ಅವು ಆ ಗಾಯದಲ್ಲಿ ಬೇರೂರುತ್ತವೆ. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಐಸಿಯುಗಳ ಲೆಕ್ಕ 2018ರಲ್ಲಿ ಪ್ರಕಟವಾಗಿದೆಯಂತೆ: ತೀವ್ರ ಫ್ಲೂ ಆಗಿ ಐಸಿಯು ಸೇರಿದವರಲ್ಲಿ ನೂರಕ್ಕೆ 19 ಜನರಿಗೆ ಈ ಶಿಲೀಂಧ್ರ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 32 ಜನರಿಗೆ. ಇಷ್ಟು ಜನರಿಗೆ ಬರುವ ಕಾಯಿಲೆಯ ಹೆಸರನ್ನೇ ನಾನು ಅವತ್ತಿನವರೆಗೆ ಕೇಳಿರಲಿಲ್ಲ. ಫ್ಲೂ ಕಡಿಮೆಯಾಗಿ ಮತ್ತೆ ಕೆಡುವ ಆ ಒಂದೆರಡು ದಿನವೇ ಇದನ್ನು ಹಿಡಿಯುವ ಸಮಯ. ಅದನ್ನು ಹಿಡಿದವರು ನಮ್ಮ ಸಿಸ್ಟರ್.

ಬ್ರಾಂಕೋಸ್ಕೋಪಿಯ ಆ ರಾತ್ರಿಯ ಬಗ್ಗೆ ಇಲ್ಲಿಯವರೆಗೆ ಯಾರ ಹತ್ತಿರವೂ ಮಾತಾಡಿಲ್ಲ.

ಶ್ವಾಸಕೋಶ ತೊಳೆದು ತೆಗೆದ ನೀರು ಲ್ಯಾಬಿಗೆ ಹೋಗಿತ್ತು. ಅದಾದ ಮೇಲೆ ತಮ್ಮನ ಉಸಿರು ಇನ್ನೂ ಕುಸಿಯಿತು, ಆಮ್ಲಜನಕ ಏರಿಸುತ್ತಲೇ ಹೋದರು. ಕಸಿ ಕಿಡ್ನಿಯನ್ನು ಕಾಯುವ ಮೈಕೋಫಿನೊಲೇಟ್ ನಿಲ್ಲಿಸಿದ್ದೇವೆ, ಕ್ರಿಯಾಟಿನಿನ್ ಏರುತ್ತಿದೆ, ಕಿಡ್ನಿ ಹೋದರೂ ಹೋಗಬಹುದು ಎಂದು ಹೇಳಿ ಸಹಿ ಹಾಕಿಸಿಕೊಂಡರು. ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯದೆ ನಿಂತಿದ್ದೆ. ಅಮ್ಮನೇ ಅಂದಳು, "ಹೋದರೆ ಡಯಾಲಿಸಿಸ್ ಮಾಡಿಸೋಣ, ಮೊದಲು ಮಾಡಿಸಿರಲಿಲ್ಲವಾ. ಉಸಿರೊಂದು ನಿಲ್ಲದಿರಲಿ." ತನ್ನ ದೇಹದಿಂದ ಕೊಟ್ಟದ್ದರ ಬಗ್ಗೆ ಅವಳು ಮತ್ತೊಂದು ಮಾತು ಆಡಲಿಲ್ಲ.

ನಡುರಾತ್ರಿಯ ಒಂದು ಹೊತ್ತಿನಲ್ಲಿ ನಾನು ದೇವರನ್ನು ಕೇಳಿಕೊಳ್ಳುವುದನ್ನು ಬಿಟ್ಟಿದ್ದೆ. ಊರಿನಲ್ಲಿದ್ದ ಅಪ್ಪನಿಗೆ ಫೋನಿನಲ್ಲಿ ಏನೆಂದು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ತಮ್ಮ ಗೋಡೆಯಾಚೆ ಉಸಿರಾಡುತ್ತಿರುವಾಗಲೇ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಆ ಹೊತ್ತಿನಲ್ಲಿ ಬಾಗಿಲು ತೆರೆದು ಬಂದವರು ಸಿಸ್ಟರ್. "ಅಕ್ಕಾರ, ತೊಂಬತ್ತರ ಮ್ಯಾಲೆ ನಿಂತೈತಿ. ನಾ ಅಲ್ಲೇ ಅದೀನಿ. ನೀವು ಒಂದೀಟು ಕುಂದರ್ರಿ" ಎಂದರು. ರಾತ್ರಿಯಿಡೀ ಅವರು ಹಾಗೆ ಹೊರಗೆ ಬಂದು ಆಕ್ಸಿಜನ್ನಿನ ಅಂಕಿ ಹೇಳಿ ಹೋಗುತ್ತಿದ್ದರು. ಕಡಿಮೆಯಾದಾಗಲೂ ಮುಚ್ಚಿಡಲಿಲ್ಲ. ಅವರು ಹೇಳಿದ ಅಂಕಿಯನ್ನು ನಂಬಬಹುದಿತ್ತು, ಆ ರಾತ್ರಿ ನನಗೆ ಹಿಡಿದುಕೊಳ್ಳಲು ಇದ್ದದ್ದು ಅದೊಂದೇ.

ಒಳಗೆ ನಡೆದದ್ದನ್ನು ತಮ್ಮ ಆಮೇಲೆ ಹೇಳಿದ. ವೊರಿಕೊನಜೋಲ್‌ನ ಮೊದಲ ದೊಡ್ಡ ಪ್ರಮಾಣ ಹೋದ ಸ್ವಲ್ಪ ಹೊತ್ತಿಗೆ ದೀಪಗಳು ಭಗ್ಗನೆ ಉರಿದಂತೆ ಕಂಡವಂತೆ. ಗೋಡೆ ಹಸಿರು, ಪರದೆಯ ಹಿಂದೆ ತೀರಿಹೋದ ದೊಡ್ಡಪ್ಪ ನಿಂತಿದ್ದರಂತೆ. ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದೇ ಅವನು ತಿಳಿದು ಮಾಸ್ಕ್ ಕಿತ್ತುಕೊಳ್ಳಲು ಹೋಗಿದ್ದ. ಸಿಸ್ಟರ್ ಅವನ ಎರಡೂ ಕೈ ಹಿಡಿದು ಕೂತರು. ಕಟ್ಟಿಹಾಕಲಿಲ್ಲ. "ಇದು ಔಷಧದಿಂದ ಆಗೂದು, ನಿಮ್ಮ ತಲಿ ಕೆಟ್ಟಿಲ್ಲ. ಕಣ್ಣು ಮುಚ್ಚಿ ನನ್ನ ದನಿ ಅಷ್ಟ ಕೇಳ್ರಿ" ಎಂದು ತಮ್ಮ ಊರಿನ ಜೋಳದ ಹೊಲ, ಹೊಳೆ, ಅಣ್ಣನ ಮದುವೆ, ಏನೇನೋ ಹೇಳುತ್ತಾ ಹೋದರಂತೆ. ಆ ಔಷಧ ಕಣ್ಣಿಗೆ ಹೀಗೆ ಮಾಡುತ್ತದೆ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಸಾಯುತ್ತಿದ್ದೇನೆ ಎಂದುಕೊಂಡವನ ಕೈ ಹಿಡಿದು ಅದನ್ನು ಹೇಳುವವರೊಬ್ಬರು ಬೇಕು.

ಬೆಳಿಗ್ಗೆ ಅವರ ಪಾಳಿ ಮುಗಿಯಿತು. ಅವರು ಹೋಗಲಿಲ್ಲ. ಹಗಲಿನ ಸಿಸ್ಟರಿಗೆ ಎಲ್ಲವನ್ನೂ ಒಪ್ಪಿಸಿ, ಡಾಕ್ಟರು ಬಂದು ನೋಡುವವರೆಗೂ ಇದ್ದು, ನನಗೆ ಕ್ಯಾಂಟೀನಿನಿಂದ ಇಡ್ಲಿ ತಂದುಕೊಟ್ಟು ಹೊರಟರು. ಅವತ್ತು ಅವರ ಮಗುವಿಗೆ ಶಾಲೆಯಲ್ಲಿ ಕಾರ್ಯಕ್ರಮವಿತ್ತು ಎಂದು ಬೇರೆಯವರಿಂದ ಗೊತ್ತಾಯಿತು. ಸಿಸ್ಟರ್, ಈ ಋಣ ತೀರಿಸುವ ದಾರಿ ನಮಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ನಿಮ್ಮ ಹೆಸರು ದಿನವೂ ಬರುತ್ತದೆ, ಅಷ್ಟು ನಿಮಗೆ ತಿಳಿದಿರಲಿ.

ಇನ್ನೊಬ್ಬರನ್ನು ನಾನು ನೋಡಿಯೇ ಇಲ್ಲ. ಮೈಕ್ರೋಬಯಾಲಜಿಯಲ್ಲಿ ಪಿಜಿ ಓದುತ್ತಿರುವ ಹುಡುಗಿಯಂತೆ. ಆ ಸಂಜೆಯ ಮಾದರಿಯನ್ನು ಬೆಳಗಿಗೆ ಎಂದು ಫ್ರಿಜ್ಜಿನಲ್ಲಿಡದೆ, ರಾತ್ರಿಯೇ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಿದಿರಿನ ಗಣ್ಣಿನಂತೆ ಅಡ್ಡಗೆರೆಗಳಿದ್ದು ಓರೆಯಾಗಿ ಕವಲೊಡೆದ ತೆಳು ಎಳೆಗಳು ಕಂಡವು. ಕಪ್ಪು ಶಿಲೀಂಧ್ರದ ಎಳೆಗಳಾದರೆ ಅಗಲವಾಗಿ, ಗೆರೆಗಳೇ ಇಲ್ಲದಂತೆ ಇರುತ್ತವಂತೆ. ಈ ವ್ಯತ್ಯಾಸದ ಮೇಲೆ ಎಲ್ಲವೂ ನಿಂತಿತ್ತು. ಕಪ್ಪು ಶಿಲೀಂಧ್ರವಾಗಿದ್ದರೆ ವೊರಿಕೊನಜೋಲ್ ಕೆಲಸವನ್ನೇ ಮಾಡುವುದಿಲ್ಲ, ಆಂಫೊಟೆರಿಸಿನ್ ಬೇಕು, ಅದು ಕಿಡ್ನಿಗೆ ಪೆಟ್ಟು. ಈ ಶಿಲೀಂಧ್ರದ ಗುರುತು ಹುಡುಕುವ ಗ್ಯಾಲಕ್ಟೋಮನ್ನಾನ್ ವರದಿ, ಕಲ್ಚರ್ ಎಲ್ಲ ಆಮೇಲೆ ಬಂದು ಅವರು ಹೇಳಿದ್ದನ್ನೇ ಹೇಳಿದವು. ಔಷಧ ಮಾತ್ರ ಅವರ ಒಂದು ಫೋನಿನಿಂದ ಆ ರಾತ್ರಿಯೇ ಶುರುವಾಯಿತು. ಅಮ್ಮನ ಕಿಡ್ನಿ ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ಡಾಕ್ಟರಮ್ಮ, ನಿಮಗೆ ಒಳ್ಳೆಯದಾಗಲಿ. ಈ ಬರಹ ನಿಮ್ಮವರೆಗೆ ತಲುಪಲಿ.

ಸಾಗರದ ನಮ್ಮ ಡಾಕ್ಟರಿಗೆ, ಕಸಿ ಆದವನಿಗೆ ಜ್ವರ ಎಂದ ಕೂಡಲೇ ವರದಿಗೆ ಕಾಯದೆ ಒಸೆಲ್ಟಾಮಿವಿರ್ ಶುರುಮಾಡಿ ಬೆಂಗಳೂರಿಗೆ ಹೊರಡಿಸಿದ್ದಕ್ಕೆ. ಚೆಸ್ಟ್ ಮತ್ತು ನೆಫ್ರಾಲಜಿ ಡಾಕ್ಟರುಗಳಿಗೆ, ಆಂಬುಲೆನ್ಸಿನ ಹುಡುಗರಿಗೆ, ದುಡ್ಡು ಹಾಕಿದ ಗೆಳೆಯರಿಗೆ, ಕೊಯ್ಲು ಒಣಗಿಸಿ ಮಂಡಿಗೆ ಹಾಕಿಕೊಟ್ಟ ಅಕ್ಕಪಕ್ಕದವರಿಗೆ, ಮಕ್ಕಳನ್ನು ನೋಡಿಕೊಂಡ ಚಿಕ್ಕಮ್ಮನಿಗೆ ನಮಸ್ಕಾರ. ತಮ್ಮನ ಹೆಂಡತಿಗೆ ಇಲ್ಲಿ ಏನೂ ಬರೆಯುವುದಿಲ್ಲ, ಅವಳಿಗೆ ಎದುರೇ ಹೇಳಿದ್ದೇನೆ.

ಔಷಧ ನಿಂತಿತು ಎಂದರೆ ಎಲ್ಲ ಮುಗಿದಂತಲ್ಲ. ವೊರಿಕೊನಜೋಲ್ ಇದ್ದಾಗ ಕಸಿ ಕಿಡ್ನಿಯನ್ನು ಕಾಯುವ ಇನ್ನೊಂದು ಔಷಧ ಟ್ಯಾಕ್ರೊಲಿಮಸ್ ರಕ್ತದಲ್ಲಿ ಏರುತ್ತದೆಂದು ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದ್ದರು. ಈಗ ಮತ್ತೆ ಏರಿಸಬೇಕು, ಹಾಗಾಗಿ ಈ ವಾರಗಳಲ್ಲಿ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಕೊಟ್ಟಿಗೆ, ಹುಲ್ಲಿನ ಅಟ್ಟ, ಗೊಬ್ಬರದ ಗುಂಡಿ, ಅಡಿಕೆ ಸಿಪ್ಪೆಯ ರಾಶಿಯ ಕಡೆ ಅವನು ಹೋಗುವಂತಿಲ್ಲ. ಈ ಶಿಲೀಂಧ್ರ ಅಲ್ಲಿಂದಲೇ ಬಂತು ಎಂದು ಯಾರೂ ಹೇಳಿಲ್ಲ, ಅದು ಎಲ್ಲ ಕಡೆಯೂ ಇರುತ್ತದೆ. ಬೂಷ್ಟು ಹಿಡಿದ ಹುಲ್ಲಿನ ದೂಳಿನಲ್ಲಿ ಹೆಚ್ಚು, ಅಷ್ಟೇ. ಕಸಿ ಆದವರಿಗೆ ಫ್ಲೂ ಲಸಿಕೆ ಅಷ್ಟಾಗಿ ಹಿಡಿಯುವುದಿಲ್ಲವಾದ್ದರಿಂದ, ಅವನ ಜೊತೆಗೆ ನಾವೆಲ್ಲರೂ ಪ್ರತಿ ವರ್ಷ ಹಾಕಿಸಿಕೊಳ್ಳುತ್ತೇವೆ. ನಿಮ್ಮ ಮನೆಯಲ್ಲಿ ಕಸಿ ಆದವರೋ ಕೀಮೋ ತೆಗೆದುಕೊಳ್ಳುವವರೋ ಇದ್ದರೆ, ಅವರ ಡಾಕ್ಟರನ್ನು ಕೇಳಿ ನೀವೂ ಹಾಕಿಸಿಕೊಳ್ಳಿ. ಇದನ್ನು ಕೈಮುಗಿದು ಕೇಳುತ್ತೇನೆ.

ಊರಲ್ಲಿ ಕೆಲವರು ಫಂಗಸ್ ಅಂಟುತ್ತದೇನೋ ಎಂದು ಹೆದರಿ ಮನೆಗೆ ಬರುತ್ತಿಲ್ಲ ಎಂದು ತಿಳಿಯಿತು. ಆಸ್ಪರ್ಜಿಲಸ್ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಫ್ಲೂ ಹರಡುತ್ತದೆ, ನಿಮ್ಮಿಂದ ಅವನಿಗೆ. ಆದ್ದರಿಂದ ನೆಗಡಿ ಜ್ವರ ಇದ್ದವರು ವಾಸಿಯಾದ ಮೇಲೆ ಬನ್ನಿ, ಉಳಿದವರು ಇವತ್ತೇ ಬನ್ನಿ. ಸಂಜೆ ಹೊತ್ತು ಜಗಲಿಯ ಮೇಲೆ ಕೂತಿರುತ್ತಾನೆ, ಮಾತಿಗೆ ಜನ ಬೇಕು ಅವನಿಗೆ.