ವೈನರಿಯ ವಯಸ್ಸು ಹೇಳಿದರೆ ವೈನಿನ ಗುಣ ಹೇಳಿದಂತಾಗದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ, ಜಗತ್ತಿನ ಹೆಸರಾಂತ ವೈನರಿಗಳನ್ನು ಪರಿಚಯಿಸುವ ಲೇಖನಮಾಲೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ವಿಷಯ ಒಳ್ಳೆಯದು, ಬರವಣಿಗೆಯೂ ಸೊಗಸಾಗಿದೆ. ಆದರೆ ಮನೆತನದ ವಂಶಾವಳಿ, ಸ್ಥಾಪನೆಯ ಇಸವಿ, ನೆಲಮಾಳಿಗೆಯ ವರ್ಣನೆ ಮುಗಿಯುವಷ್ಟರಲ್ಲಿ ಕೊಟ್ಟ ಜಾಗವೂ ಮುಗಿದುಹೋಗಿ, ಆ ವೈನಿಗೆ ಆ ರುಚಿ ಯಾಕೆ ಬಂತು ಎಂಬ ಮುಖ್ಯ ಪ್ರಶ್ನೆ ಪ್ರತಿ ಕಂತಿನಲ್ಲೂ ಹೊರಗೇ ಉಳಿಯುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

ಇಟಲಿಯ ಆಂತಿನೋರಿ ಮನೆತನದ ಕಂತನ್ನೇ ನೋಡಬಹುದು. 1385ರಲ್ಲಿ ಆ ಮನೆತನದವರು ಫ್ಲಾರೆನ್ಸಿನ ವೈನ್ ತಯಾರಕರ ಸಂಘ ಸೇರಿದ್ದು ನಿಜ. ಆದರೆ ಅವರ ತಿನ್ಯಾನೆಲ್ಲೋ ಎಂಬ ವೈನಿನ ಮಟ್ಟಿಗೆ ಮುಖ್ಯವಾದ ಇಸವಿ 1971. ಕಿಯಾಂತಿ ಎಂಬ ಆ ಸೀಮೆಯ ಕೆಂಪು ವೈನಿಗೆ ಬಿಳಿ ದ್ರಾಕ್ಷಿಯನ್ನೂ ಬೆರೆಸಬೇಕೆಂಬ ಆಗಿನ ನಿಯಮವನ್ನು ಅವರು ಬದಿಗಿಟ್ಟು, ಸಣ್ಣ ಓಕ್ ಪೀಪಾಯಿಗಳಲ್ಲಿ ಮಾಗಿಸಿದ ಕೆಂಪು ವೈನನ್ನು ಕಿಯಾಂತಿಯ ಹೆಸರಿಲ್ಲದೆ, ಬರೀ ಊಟದ ವೈನ್ ಎಂಬ ಕೆಳದರ್ಜೆಯ ಪಟ್ಟಿಯಡಿ ಮಾರುಕಟ್ಟೆಗೆ ತಂದರು. ಅಲ್ಲಿನ ಸಾಂಜೊವೇಸೆ ದ್ರಾಕ್ಷಿಯ ಜೊತೆಗೆ ಫ್ರಾನ್ಸಿನ ಕ್ಯಾಬರ್ನೆ ತಳಿ ಸೇರಿದ್ದು ಆ ನಂತರದ ವರ್ಷಗಳಲ್ಲಿ. ಆ ವೈನಿನ ಗಟ್ಟಿತನಕ್ಕೂ ಒಗರಿಗೂ ಕಾರಣ ಹುಡುಕುವವರು ಆರು ಶತಮಾನ ಹಿಂದಕ್ಕೆ ಹೋಗಬೇಕಾಗಿಲ್ಲ.

ಶಾಂಪೇನ್ ಕುರಿತ ಕಂತಿನಲ್ಲಿ ಡೊಮ್ ಪೆರಿನ್ಯೋ ಎಂಬ ಸನ್ಯಾಸಿ ಗುಳ್ಳೆ ಏಳುವ ವೈನನ್ನು ಕಂಡುಹಿಡಿದನೆಂಬ ಹಳೆಯ ಕಥೆ ಮತ್ತೆ ಬಂದಿದೆ. ಜಾಹೀರಾತಿಗೆ ಇದು ಸರಿ, ಪತ್ರಿಕೆಗೆ ಸಲ್ಲದು. 1668ರಿಂದ 1715ರಲ್ಲಿ ತೀರಿಕೊಳ್ಳುವವರೆಗೆ ಓವಿಲೇ ಮಠದ ವೈನ್ ಉಗ್ರಾಣವನ್ನು ನೋಡಿಕೊಂಡ ಆತನಿಗೆ ಗುಳ್ಳೆಯೇ ದೊಡ್ಡ ತಲೆನೋವಾಗಿತ್ತು. ಚಳಿಗೆ ನಿಂತುಹೋದ ಹುದುಗು ವಸಂತದ ಬಿಸಿಲಿಗೆ ಮತ್ತೆ ಎಚ್ಚೆತ್ತು ಸೀಸೆಗಳು ಒಡೆಯುತ್ತಿದ್ದವು. ಸಕ್ಕರೆ ಸೇರಿಸಿದರೆ ವೈನ್ ನೊರೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ಕ್ರಿಸ್ಟಫರ್ ಮೆರೆಟ್ 1662ರಲ್ಲೇ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದೆ ಹೇಳಿದ್ದ. ಇಂದಿನ ಶಾಂಪೇನ್ ತಿಳಿಯಾಗಿರುವುದಕ್ಕೆ ನೆನೆಯಬೇಕಾದದ್ದು ಇಪ್ಪತ್ತೇಳನೆಯ ವಯಸ್ಸಿಗೆ ವಿಧವೆಯಾಗಿ ವ್ಯಾಪಾರ ಕೈಗೆತ್ತಿಕೊಂಡ ಮಾದಾಂ ಕ್ಲಿಕೋ ಅವರನ್ನು. ತೂತು ಕೊರೆದ ಮೇಜಿನಲ್ಲಿ ಸೀಸೆಗಳನ್ನು ಕತ್ತು ಕೆಳಗಾಗಿ ಸಿಕ್ಕಿಸಿ, ಆಗಾಗ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರೆ, ಸತ್ತ ಹುದುಗಿನ ಗಸಿಯೆಲ್ಲ ಜಾರಿ ಬಿರಡೆಯ ಬಳಿ ಕೂರುತ್ತದೆ. ಬಿರಡೆ ತೆಗೆದೊಡನೆ ಒಳಗಿನ ಒತ್ತಡವೇ ಆ ಗಸಿಯನ್ನು ಹೊರಗೆ ಚಿಮ್ಮಿಸುತ್ತದೆ. ಈ ಉಪಾಯ ರೂಪುಗೊಂಡದ್ದು 1810ರ ದಶಕದಲ್ಲಿ, ಅವರ ನೆಲಮಾಳಿಗೆಯಲ್ಲಿ.

ಇತಿಹಾಸವೂ ಗುಣವೂ ಹೇಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ ಎಂಬುದಕ್ಕೆ ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ ವೈನರಿಯ ಗ್ರೇಂಜ್ ಎಂಬ ಕೆಂಪು ವೈನಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಶೆರಿ ಮತ್ತು ಪೋರ್ಟ್ ಎಂಬ ಬಗೆಯ ವೈನುಗಳ ತಯಾರಿಕೆಯನ್ನು ನೋಡಿಬರಲೆಂದು 1950ರಲ್ಲಿ ಕಂಪನಿಯು ಯುರೋಪಿಗೆ ಕಳಿಸಿದ್ದ ವೈನ್ ತಯಾರಕ ಮ್ಯಾಕ್ಸ್ ಶೂಬರ್ಟ್, ದಾರಿಯಲ್ಲಿ ಫ್ರಾನ್ಸಿನ ಬೋರ್ಡೋಗೂ ಹೋಗಿ, ದಶಕಗಟ್ಟಲೆ ಕೆಡದೆ ನಿಲ್ಲುವ ಅಲ್ಲಿನ ಕೆಂಪು ವೈನುಗಳನ್ನು ಕಂಡು ಬಂದರು. ಊರಿಗೆ ಮರಳಿದರೆ ಬೋರ್ಡೋದ ಕ್ಯಾಬರ್ನೆ ಅಲ್ಲಿ ಸಾಕಷ್ಟು ಸಿಗುತ್ತಿರಲಿಲ್ಲ; ಹೇರಳವಾಗಿದ್ದ ಶಿರಾಜ್ ದ್ರಾಕ್ಷಿಯನ್ನೇ ಆರಿಸಿಕೊಂಡು, 1951ರಲ್ಲಿ ಹೊಸ ಅಮೆರಿಕನ್ ಓಕ್ ಪೀಪಾಯಿಗಳಲ್ಲಿ ಮೊದಲ ಪ್ರಯೋಗ ನಡೆಸಿದರು. ರುಚಿ ನೋಡಿದವರು ಮುಖ ಸಿಂಡರಿಸಿದರು. ಅರೆದ ಇರುವೆಯ ರುಚಿಯೆಂದು ಒಬ್ಬ ವಿಮರ್ಶಕ ಹಂಗಿಸಿದ್ದೂ ಉಂಟು. 1957ರಲ್ಲಿ ಕಂಪನಿಯ ಆಡಳಿತ ಮಂಡಳಿ ತಯಾರಿಕೆ ನಿಲ್ಲಿಸುವಂತೆ ಆದೇಶಿಸಿತು. ಶೂಬರ್ಟ್ ಮೇಲಿನವರಿಗೆ ತಿಳಿಯದಂತೆ ಮೂರು ವರ್ಷ ಕೆಲಸ ಮುಂದುವರಿಸಿದರು, ಆದರೆ ಹೊಸ ಪೀಪಾಯಿ ಕೊಳ್ಳಲು ಹಣ ಕೇಳುವಂತಿರಲಿಲ್ಲವಷ್ಟೆ. ಹಾಗಾಗಿ 1957, 1958 ಮತ್ತು 1959ರ ಗ್ರೇಂಜ್‌ನಲ್ಲಿ ಹೊಸ ಓಕ್‌ನ ಆ ಎದ್ದುಕಾಣುವ ಸಿಹಿಗಂಧವಿಲ್ಲ. ಅಷ್ಟರಲ್ಲಿ ಮೊದಲ ವರ್ಷಗಳ ಸೀಸೆಗಳು ಮಾಗಿ, ಟೀಕಿಸಿದವರೇ ಮೆಚ್ಚಿ, 1960ರಲ್ಲಿ ಅನುಮತಿ ಮರಳಿ ಸಿಕ್ಕಿತು. ಕಚೇರಿಯ ಒಂದು ಆದೇಶ ಸೀಸೆಯೊಳಗಿನ ರುಚಿಯಲ್ಲಿ ದಾಖಲಾಗಿರುವುದು ಇಲ್ಲಿನ ಸ್ವಾರಸ್ಯ.

ಇಷ್ಟಾಗಿ, ಹಳತಾದದ್ದೆಲ್ಲ ಅಪ್ರಸ್ತುತ ಎಂಬುದು ನನ್ನ ವಾದವಲ್ಲ. ಜಾರ್ಜಿಯಾ ದೇಶದಲ್ಲಿ ಸುಮಾರು ಎಂಟು ಸಾವಿರ ವರ್ಷ ಹಿಂದಿನ ಮಡಕೆ ಚೂರುಗಳಲ್ಲಿ ವೈನಿನ ಅವಶೇಷ ಸಿಕ್ಕಿದೆ. ಕತ್ತಿನವರೆಗೆ ನೆಲದಲ್ಲಿ ಹೂತ ಕ್ವೆವ್ರಿ ಎಂಬ ಮಣ್ಣಿನ ಹರವಿಗಳಲ್ಲಿ ಇವತ್ತಿಗೂ ಅಲ್ಲಿ ದ್ರಾಕ್ಷಿರಸ ಹುದುಗುತ್ತದೆ. ಬಿಳಿ ದ್ರಾಕ್ಷಿಯನ್ನು ಸಿಪ್ಪೆ, ಬೀಜಗಳ ಸಮೇತ ತಿಂಗಳುಗಟ್ಟಲೆ ಬಿಡುವುದರಿಂದಲೇ ಆ ವೈನಿಗೆ ಜೇನಿನ ಬಣ್ಣ ಮತ್ತು ಚಹಾದಂಥ ಒಗರು. ಈ ವಿಧಾನವನ್ನು ಯುನೆಸ್ಕೋ 2013ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಇಲ್ಲಿ ಪುರಾತನತೆ ನೇರವಾಗಿ ನಾಲಿಗೆಗೆ ತಾಕುತ್ತದೆ.

ಬೋರ್ಡೋದ ವೈನ್ ತೋಟಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯ ಬಗ್ಗೆಯೂ ಒಂದು ಮಾತು. ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ದಲ್ಲಾಳಿಗಳು ಅದನ್ನು ಸಿದ್ಧಪಡಿಸಿದ್ದು ಆಗಿನ ಮಾರಾಟದ ಬೆಲೆಗಳ ಆಧಾರದ ಮೇಲೆ. ಆ ಬಳಿಕ ದರ್ಜೆ ಏರಿದ್ದು ಒಂದೇ ತೋಟ, 1973ರಲ್ಲಿ ಮೂತೋನ್ ರೋಶೀಲ್ಡ್. ದರ್ಜೆ ಅಂಟಿಕೊಂಡಿರುವುದು ಹೆಸರಿಗೇ ಹೊರತು ನಿರ್ದಿಷ್ಟ ಜಮೀನಿಗಲ್ಲ. ನಡುವೆ ತೋಟಗಳು ಹಿಗ್ಗಿವೆ, ಕುಗ್ಗಿವೆ. ಮೇಲಾಗಿ, ಬೇರು ಹೀರುವ ಫೈಲಾಕ್ಸೆರಾ ಕೀಟ 1860ರ ದಶಕದಿಂದ ಫ್ರಾನ್ಸಿನ ತೋಟಗಳನ್ನು ನುಂಗಿದ ಮೇಲೆ, ಬಹುಪಾಲು ಬಳ್ಳಿಗಳನ್ನು ಅಮೆರಿಕದ ಬೇರಿಗೆ ಕಸಿಮಾಡಿ ಹೊಸದಾಗಿ ನೆಡಬೇಕಾಯಿತು. ಅಂದಿನ ದರ್ಜೆಯನ್ನು ಇಂದಿನ ಗುಣದ ಪ್ರಮಾಣಪತ್ರವೆಂಬಂತೆ ಬರೆಯುವಾಗ ಇವಿಷ್ಟನ್ನಾದರೂ ಓದುಗರಿಗೆ ತಿಳಿಸಬೇಕು.

ಆದ್ದರಿಂದ ಮುಂದಿನ ಕಂತುಗಳಲ್ಲಿ ದ್ರಾಕ್ಷಿಯ ತಳಿ, ನೆಲದ ಸ್ವಭಾವ, ಹುದುಗಿಸುವ ಪಾತ್ರೆ, ಮಾಗಿಸುವ ಅವಧಿ, ಮಾಲೀಕತ್ವ ಕೈಬದಲಾದಾಗ ತಯಾರಿಕೆಯಲ್ಲಿ ಆದ ವ್ಯತ್ಯಾಸ ಇವುಗಳಿಗೆ ಅರ್ಧದಷ್ಟು ಜಾಗವನ್ನಾದರೂ ಮೀಸಲಿಡುವಂತೆ ಲೇಖಕರಿಗೆ ಸೂಚಿಸಬೇಕೆಂದೂ, ಡೊಮ್ ಪೆರಿನ್ಯೋ ಕುರಿತ ಭಾಗಕ್ಕೆ ತಿದ್ದುಪಡಿ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ತಮ್ಮ ಓದುಗ