ಬೆಳಕೂ ಕನ್ನಡಿಯನ್ನು ತಳ್ಳುತ್ತದೆ

ತೀರ್ಥರೂಪ ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. "ಉದ್ದ ಅಳೆಯುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಿತ್ತೇನಮ್ಮಾ?" ಎಂದು ಕಳೆದ ವಾರ ಫೋನಿನಲ್ಲಿ ಕೇಳಿದಿರಿ. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಈ ಪತ್ರ.

ಅಳೆಯುವುದೆಂದರೆ ಕೋಲು ಹಿಡಿದು ಎರಡು ತುದಿ ನೋಡುವುದು ತಾನೇ? ತೊಡಕು ಇರುವುದೇ ಆ ತುದಿಯಲ್ಲಿ. ಪರಮಾಣುವಿನ ಮಟ್ಟಕ್ಕೆ ಇಳಿದರೆ ತುದಿ ಒಂದು ಗೆರೆಯಾಗಿ ಸಿಗುವುದಿಲ್ಲ. ಎಲೆಕ್ಟ್ರಾನುಗಳ ಮೋಡ ತೆಳುವಾಗುತ್ತಾ ಹೋಗುತ್ತದೆ, ಅಷ್ಟೇ. 1889ರಲ್ಲಿ ಪ್ಲಾಟಿನಂ-ಇರಿಡಿಯಂ ಸರಳಿನ ಮೇಲೆ ಕೊರೆದ ಎರಡು ಗೆರೆಗಳ ನಡುವಿನ ದೂರವೇ ಮೀಟರ್ ಆಗಿತ್ತು. 1960ರಲ್ಲಿ ಆ ಸರಳಿನ ಗೊಡವೆ ಬಿಟ್ಟರು. 1983ರಿಂದ, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ ಸಾಗುವ ದೂರವೇ ಮೀಟರ್.

ಹಾಗಾದರೆ ಬೆಳಕಿನಿಂದಲೇ ಅಳೆದರಾಯಿತಲ್ಲ ಎನ್ನುತ್ತೀರಿ. ನಾನೂ ಹಾಗೆಯೇ ಅಂದುಕೊಂಡಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಉಗುರಿಗಿಂತ ಚಿಕ್ಕದೊಂದು ಕನ್ನಡಿ ಗಾಜಿನ ಎಳೆಯಲ್ಲಿ ತೂಗುತ್ತಿದೆ. ಅದಕ್ಕೆ ಬಡಿದು ಮರಳುವ ಬೆಳಕಿನಿಂದ ಅದರ ದೂರವನ್ನು ಅಳೆದು, ಪರದೆಯ ಮೇಲೆ ಗೆರೆಯಾಗಿ ನೋಡುತ್ತೇವೆ. ಬಾಗಿಲನ್ನು ಎಷ್ಟೇ ಮೆಲ್ಲಗೆ ಮುಚ್ಚಿದರೂ ಪರದೆಯ ಮೇಲಿನ ಗೆರೆ ಎಗರಿ ಬೀಳುತ್ತದೆ. ಬಾಗಿಲಿನ ಅಲುಗಾಟವನ್ನು ತಡೆಯಲು ದಾರಿಯಿದೆ. ಆದರೆ ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುತ್ತದೆ, ಮಳೆಯ ಹನಿಗಳಂತೆ, ಒಂದು ಕ್ಷಣ ಹೆಚ್ಚು, ಮರುಕ್ಷಣ ಕಡಿಮೆ. ಬೆಳಕನ್ನು ತಗ್ಗಿಸಿದರೆ ಈ ಏರುಪೇರಿನಲ್ಲಿ ಅಳತೆ ಮಸುಕಾಗುತ್ತದೆ. ಹೆಚ್ಚಿಸಿದರೆ ಆ ಹನಿಗಳೇ ಕನ್ನಡಿಯನ್ನು ಮನಬಂದಂತೆ ತಳ್ಳಿ, ನಾವು ಅಳೆಯಬೇಕಾದ ದೂರವನ್ನೇ ಕದಲಿಸುತ್ತವೆ. ಸ್ಥಾನವನ್ನು ನಿಖರವಾಗಿ ಹಿಡಿದಷ್ಟೂ ಚಲನೆ ಕೈತಪ್ಪುತ್ತದೆ ಎಂದು ಜರ್ಮನ್ ಭೌತವಿಜ್ಞಾನಿ ಹೈಸೆನ್‌ಬರ್ಗ್ 1927ರಲ್ಲಿ ತೋರಿಸಿದ್ದು ಇದನ್ನೇ. ಇದು ಉಪಕರಣದ ದೋಷವಲ್ಲ ಅಪ್ಪಾ, ಪ್ರಕೃತಿ ಇರುವುದೇ ಹೀಗೆ. ಇದು ಅರ್ಥವಾದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಚಿಕ್ಕ ಕನ್ನಡಿಗೆ ಮಾತ್ರ ಈ ಪಾಡು ಎಂದುಕೊಳ್ಳಬೇಡಿ. ಬಾಹ್ಯಾಕಾಶದಿಂದ ಬರುವ ಗುರುತ್ವ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋ ವೀಕ್ಷಣಾಲಯದ ಕನ್ನಡಿಗಳು ತಲಾ 40 ಕಿಲೋ ತೂಗುತ್ತವೆ. ಬೆಳಕಿನ ಈ ಏರುಪೇರು ಅವನ್ನೂ ಅಲುಗಿಸುವುದನ್ನು ವಿಜ್ಞಾನಿಗಳು ಅಳೆದು 2020ರಲ್ಲಿ ಪ್ರಕಟಿಸಿದರು. ಅಲ್ಲಿ "ಹಿಂಡಿದ ಬೆಳಕು" ಬಳಸುತ್ತಾರೆ: ಬೆಳಕಿನ ಒಂದು ಗುಣದ ಏರುಪೇರನ್ನು ಅದುಮಿ, ಅದನ್ನು ಅಳತೆಗೆ ಬೇಡವಾದ ಇನ್ನೊಂದು ಗುಣಕ್ಕೆ ನೂಕುವುದು. ನನಗೆ ಇದಕ್ಕಿಂತ ಚೆಂದದ ಉಪಾಯ ಗೊತ್ತಿಲ್ಲ.

ನಾಳೆ ನಾವು ಬೆಳಕನ್ನು ಅರ್ಧಕ್ಕೆ ಇಳಿಸಿ ಅಳೆಯುವವರಿದ್ದೇವೆ. ಪರದೆಯ ಗೆರೆ ಎಲ್ಲಿ ತಗ್ಗಿತು, ಎಲ್ಲಿ ಏರಿತು ಎಂದು ಮುಂದಿನ ಪತ್ರದಲ್ಲಿ ಚಿತ್ರ ಬಿಡಿಸಿ ಕಳುಹಿಸುತ್ತೇನೆ. ಅಮ್ಮನಿಗೂ ಇದನ್ನು ಓದಿ ಹೇಳಿ.

ನಿಮ್ಮ ಪ್ರೀತಿಯ ಮಗಳು